ಅರ್ಧ ಬಕೆಟ್ ಆಗುತ್ತಲೇ ಗೀಸರ್ ನೀರು ಉಗುರುಬೆಚ್ಚಗೆ, ಕಾಯಿಲ್ ಬದಲಾಯಿಸಿದರೂ ಅದೇ ಕಥೆ

ವಿಜಯನಗರ ಮೊದಲ ಮಹಡಿ:
ಎಲ್ಲರಿಗೂ ನಮಸ್ಕಾರ. ನಮ್ಮದು 25 ಲೀಟರ್ ಗೀಸರ್, 2000 ವ್ಯಾಟ್, ಗೋಡೆಗೆ ಉದ್ದುದ್ದ ತೂಗುಹಾಕುವ ಥರದ್ದು. ನೀರು ಬೋರ್ ಮತ್ತು ಕಾವೇರಿ ಎರಡೂ, ಸಂಪಿನಲ್ಲೇ ಬೆರೆಯುತ್ತೆ. ಸಮಸ್ಯೆ ಏನಪ್ಪಾ ಅಂದ್ರೆ ಮೊದಲ ಎರಡು ಚೊಂಬು ಕೈ ಸುಡುವಷ್ಟು ಬಿಸಿ ಬರುತ್ತೆ, ಅರ್ಧ ಬಕೆಟ್ ತುಂಬುವಷ್ಟರಲ್ಲಿ ಉಗುರುಬೆಚ್ಚಗೆ, ಆಮೇಲೆ ತಣ್ಣೀರೇ. ಅತ್ತೆಗೆ ಮಂಡಿನೋವು, ಬಿಸಿನೀರು ಸುರಿದುಕೊಳ್ಳದಿದ್ದರೆ ಆಗಲ್ಲ. ರಿಪೇರಿಯವರು ಬಂದು ಕಾಯಿಲ್ ಹೋಗಿದೆ ಅಂತ ಬದಲಾಯಿಸಿದರು, ನೀರು ಕಾದ ಮೇಲೆ ಕರೆಂಟ್ ಕಡಿಯೋ ಥರ್ಮೋಸ್ಟಾಟ್ ಕೂಡ ಹೊಸದು. ಏನೂ ವ್ಯತ್ಯಾಸ ಇಲ್ಲ. ಈಗ ಟ್ಯಾಂಕೇ ಹೋಗಿದೆ, ಹೊಸ ಗೀಸರ್ ತಗೊಳ್ಳಿ ಅಂತಿದ್ದಾರೆ. ತಗೊಳ್ಳೋಕೆ ಮುಂಚೆ ಇಲ್ಲಿ ಕೇಳೋಣ ಅಂತ.

ಕರೆಂಟ್ ಕೆಲಸ:
ಮೇಡಂ, ಸದ್ಯಕ್ಕೆ ತಗೋಬೇಡಿ. ಮೊದಲು ಒಂದು ಲೆಕ್ಕ. 25 ಲೀಟರ್ ನೀರು 60 ಡಿಗ್ರಿಗೆ ಕಾದಿದೆ, ನಲ್ಲಿ ನೀರು 20 ಡಿಗ್ರಿ ಇದೆ, ನಿಮಗೆ ಸ್ನಾನಕ್ಕೆ 40 ಡಿಗ್ರಿ ಬೇಕು ಅಂದರೆ ಸಮ ಸಮ ಬೆರೆಸಿ 50 ಲೀಟರ್ ಆಗಬೇಕು. 20 ಲೀಟರಿನ ಬಕೆಟ್‌ನಲ್ಲಿ ಎರಡೂವರೆ. ಕೊನೆಯ ನೀರು ಒಳಗೇ ಸ್ವಲ್ಪ ತಣ್ಣಗಾಗಿರುತ್ತೆ, ಅದನ್ನ ಬಿಟ್ಟರೂ ಎರಡು ಬಕೆಟ್‌ಗೆ ಮೋಸ ಇಲ್ಲ. ನಿಮಗೆ ಅರ್ಧ ಬಕೆಟ್ ಬರ್ತಿದೆ ಅಂದರೆ ಏನೋ ದೊಡ್ಡದೇ ಎಡವಟ್ಟಾಗಿದೆ.

ಇನ್ನು ಗೀಸರ್ ನೀರು ಕಾಯಿಸ್ತಾನೇ ಇಲ್ವಾ, ಇಲ್ಲ ಕಾಯಿಸಿದ್ದು ನಲ್ಲಿಗೆ ಬರೋಷ್ಟರಲ್ಲಿ ಹಾಳಾಗ್ತಿದೆಯಾ ಅಂತ ಬೇರೆ ಮಾಡಬೇಕು. ತಣ್ಣೀರು ತುಂಬಿದ ಗೀಸರ್ ಹಾಕಿದ ಮೇಲೆ ಎಷ್ಟು ಹೊತ್ತಿಗೆ ದೀಪ ಆರುತ್ತೆ ನೋಡಿ. 2000 ವ್ಯಾಟ್‌ಗೆ ಸುಮಾರು 35 ನಿಮಿಷ ಹಿಡಿಯಬೇಕು. ಹತ್ತೇ ನಿಮಿಷಕ್ಕೆ ಆರಿದರೆ ಥರ್ಮೋಸ್ಟಾಟ್ ಬೇಗ ಕಟ್ ಆಗ್ತಿದೆ. ಒಂದು ಗಂಟೆಯಾದರೂ ಆರದಿದ್ದರೆ ಕಾಯಿಲ್ ವೀಕು, ಅಥವಾ ನಿಮ್ಮ ಏರಿಯಾದಲ್ಲಿ ವೋಲ್ಟೇಜ್ ಡಲ್ಲು. 230ರ ಬದಲು 190 ವೋಲ್ಟ್ ಇದ್ದರೆ 2000 ವ್ಯಾಟಿನ ಕಾಯಿಲ್ 1365 ವ್ಯಾಟ್ ಅಷ್ಟೇ ಎಳೆಯೋದು, ಇದನ್ನ ಜನ ಮರೆತೇ ಬಿಡ್ತಾರೆ.

ವಿಜಯನಗರ ಮೊದಲ ಮಹಡಿ:
ನೋಡಿದೆ ಸರ್. ಅರ್ಧ ಗಂಟೆ ದಾಟಿದ ಮೇಲೆ ಆರಿತು. ನೀವು ಹೇಳಿದ ಲೆಕ್ಕಕ್ಕೇ ಬಂತು.

ಪೈಪ್ ಲೈನ್:
ಹಾಗಾದರೆ ಗೀಸರ್ ಕೆಲಸ ಮಾಡ್ತಿದೆ. ಕಾಯಿಲ್ಲೂ ಸರಿ, ಥರ್ಮೋಸ್ಟಾಟೂ ಸರಿ, ಹಳೆಯವೂ ಸರಿಯಾಗೇ ಇದ್ದಿರಬಹುದು. ಅವನ್ನ ಎಸೆದಿಲ್ಲ ಅಲ್ವಾ? ಇಟ್ಟುಕೊಳ್ಳಿ.

ಈಗ ತಣ್ಣೀರು ಎಲ್ಲಿ ಬೆರೆಯುತ್ತೆ ಅನ್ನೋದು ಪ್ರಶ್ನೆ. ಬಚ್ಚಲಲ್ಲಿ ಮಿಕ್ಸರ್, ಅಂದರೆ ಬಿಸಿನೀರು ತಣ್ಣೀರು ಬೆರೆಸಿ ಕೊಡೋ ನಲ್ಲಿ, ಇದ್ದರೆ ಮೊದಲ ಅನುಮಾನ ಅದರ ಮೇಲೆ. ಕೈ ಶವರ್ ಇರುವ ಕಡೆ ಎರಡೂ ನಾಬ್ ಬಿಟ್ಟು ಶವರ್ ತುದಿಯಲ್ಲಿ ಮಾತ್ರ ಬಂದ್ ಮಾಡಿರ್ತಾರೆ, ಆಗ ಇನ್ನೊಂದು ಕಡೆ ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು ಮಿಕ್ಸರ್ ಒಳಗಿಂದಲೇ ಬಿಸಿ ಲೈನಿಗೆ ನುಗ್ಗುತ್ತೆ. ಒಂದೇ ಹಿಡಿಯ ಮಿಕ್ಸರ್ ಒಳಗಿನ ಕಾರ್ಟ್ರಿಜ್ ಸವೆದರೂ ಇದೇ ಗತಿ. ಪರೀಕ್ಷೆ ಸುಲಭ. ಗೀಸರ್ ಸ್ವಿಚ್ ಆಫ್ ಮಾಡಿ. ಗೀಸರಿಗೆ ನೀರು ಹೋಗುವ ಆಂಗಲ್ ವಾಲ್ವ್ ಪೂರ್ತಿ ಮುಚ್ಚಿ. ಬಿಸಿನೀರಿನ ನಲ್ಲಿ ಬಿಡಿ. ಸ್ವಲ್ಪ ಹೊತ್ತಿಗೆ ನಿಂತು ಹೋಗಬೇಕು. ನಿಲ್ಲದೆ ಸುರೀತಾನೇ ಇದ್ದರೆ ಆ ನೀರು ಗೀಸರಿಂದ ಬರ್ತಿಲ್ಲ, ತಣ್ಣೀರಿನ ಲೈನಿಂದ ಬರ್ತಿದೆ.

ಆದರೂ ನನಗೆ ಇದು ಅದಲ್ಲ ಅನ್ನಿಸುತ್ತೆ. ಮಿಕ್ಸರಲ್ಲಿ ಬೆರೆತರೆ ಮೊದಲ ಚೊಂಬಿನಿಂದಲೇ ಉಗುರುಬೆಚ್ಚಗೆ ಬರಬೇಕು. ನಿಮಗೆ ಶುರುವಲ್ಲಿ ಸುಡುತ್ತೆ ಅಂತೀರಿ. ಇದು ಯಾವಾಗಿಂದ? ಅದಕ್ಕೆ ಮುಂಚೆ ಬಚ್ಚಲಲ್ಲಿ ಏನಾದರೂ ಕೆಲಸ ಮಾಡಿಸಿದ್ರಾ?

ವಿಜಯನಗರ ಮೊದಲ ಮಹಡಿ:
ವಾಲ್ವ್ ಮುಚ್ಚಿದ ಮೇಲೆ ನಲ್ಲಿ ನಿಂತು ಹೋಯಿತು. ದೀಪಾವಳಿಗೆ ಪೇಂಟ್ ಮಾಡಿಸಿದಾಗ ಗೀಸರ್ ಇಳಿಸಿ ಮತ್ತೆ ಹಾಕಿದ್ದರು. ಅದಾದ ಮೇಲೆಯೇ ಇರಬೇಕು, ಆಗ ಅಷ್ಟು ಚಳಿ ಇರಲಿಲ್ಲ, ಯಾರೂ ಗಮನಿಸಲಿಲ್ಲ.

ಪೈಪ್ ಲೈನ್:
ಸಿಕ್ತು ನೋಡಿ! ಗೀಸರ್ ಕೆಳಗೆ ಎರಡು ನಿಪ್ಪಲ್ ಇರುತ್ತೆ, ಒಂದಕ್ಕೆ ನೀಲಿ ಬಳೆ, ಇನ್ನೊಂದಕ್ಕೆ ಕೆಂಪು. ಪೈಪು ಅದಲು ಬದಲಾಗಿದೆ ಅಂತ ನನ್ನ ಅಂದಾಜು.

ಒಳಗೆ ಏನಿದೆ ಅಂದರೆ, ನೀಲಿ ಕಡೆಯ ಕೊಳವೆ ಗಿಡ್ಡ, ತಳದಲ್ಲೇ ಮುಗಿಯುತ್ತೆ. ಕೆಂಪು ಕಡೆಯದು ಉದ್ದ, ಟ್ಯಾಂಕಿನ ನೆತ್ತಿಯವರೆಗೆ ಹೋಗುತ್ತೆ. ತಣ್ಣೀರು ತಳಕ್ಕೆ ಮೆಲ್ಲಗೆ ಬಂದು ಸೇರುತ್ತೆ, ಬಿಸಿನೀರು ಹಗುರ ಆದ್ದರಿಂದ ಮೇಲೇ ನಿಂತು ಅಲ್ಲಿಂದ ಆಚೆ ಹೋಗುತ್ತೆ. ಹಾಗಾಗಿ ಹೆಚ್ಚುಕಮ್ಮಿ ಕೊನೆಯವರೆಗೂ ಬಿಸಿಯೇ ಸಿಗುತ್ತೆ. ಉಲ್ಟಾ ಹಾಕಿದರೆ ಕುದಿಯೋ ಸಾರಿಗೆ ಮೇಲಿಂದ ತಣ್ಣೀರು ಸುರಿದ ಹಾಗೆ, ತಣ್ಣೀರು ನೆತ್ತಿಯಲ್ಲಿ ಬಿದ್ದು ಬಿಸಿನೀರನ್ನೆಲ್ಲಾ ಕಲಕುತ್ತಾ ಕೆಳಗಿಳಿಯುತ್ತೆ, ನೀವು ತಳದಿಂದ ಅದೇ ಕಲಬೆರಕೆ ನೀರು ಹಿಡಿಯುತ್ತೀರಿ.

ಬಿಸಿನೀರಿನ ನಲ್ಲಿ ಬಿಟ್ಟು, ಗೀಸರ್ ಕೆಳಗಿನ ಎರಡು ಪೈಪನ್ನೂ ಬೆರಳ ತುದಿಯಿಂದ ಮುಟ್ಟಿ ನೋಡಿ, ಹುಷಾರಾಗಿ. ಕೆಂಪು ಕಡೆಯದು ಬಿಸಿ ಇರಬೇಕು.

ವಿಜಯನಗರ ಮೊದಲ ಮಹಡಿ:
ಅಯ್ಯೋ, ನೀಲಿ ಕಡೆಯದೇ ಬಿಸಿ! ಕೆಂಪು ಬಳೆ ಇರುವ ಕಡೆ ಒಂದು ಹಿತ್ತಾಳೆ ವಾಲ್ವ್ ಕೂಡ ಇದೆ, ಪಕ್ಕದಲ್ಲಿ ಒಂದು ಸಣ್ಣ ಹಿಡಿ. ನಮ್ಮ ಯಜಮಾನರು ನಾನೇ ಬದಲಾಯಿಸ್ತೀನಿ ಅಂತಿದ್ದಾರೆ.

ಪೈಪ್ ಲೈನ್:
ಆ ಹಿತ್ತಾಳೆ ವಾಲ್ವ್ ಒಳಬರುವ ನೀರಿನ ಕಡೆ ಇರಬೇಕಾದ್ದು, ಅದನ್ನೂ ನೀಲಿ ಕಡೆಗೆ ತರಬೇಕು. ಅದರ ಮೇಲೆ ಬಾಣದ ಗುರುತು ಇರುತ್ತೆ, ಬಾಣ ಗೀಸರ್ ಕಡೆಗೆ ನೋಡಬೇಕು. ಪೈಪು ಮಾತ್ರ ಬದಲಾಯಿಸಿ ವಾಲ್ವ್ ಅಲ್ಲೇ ಬಿಟ್ಟರೆ ನೀರೇ ಬರಲ್ಲ, ಯಾಕಂದ್ರೆ ಅದು ಒಂದೇ ದಿಕ್ಕಿಗೆ ನೀರು ಬಿಡೋದು. ಒಳಗೆ ಒತ್ತಡ ಜಾಸ್ತಿಯಾದರೆ ಹೊರಗೆ ಬಿಡುವುದೂ ಅದೇ, ಆದ್ದರಿಂದ ತೊಟ್ಟಿಕ್ಕುತ್ತೆ ಅಂತ ಬಾಯಿ ಮುಚ್ಚಿಸಬೇಡಿ, ಸಿಡಿಯುವ ಅಪಾಯ ಇದೆ.

ಕರೆಂಟ್ ಕೆಲಸ:
ಮಾಡೋದಾದರೆ ಮೀಟರ್ ಬೋರ್ಡಿನ ಎಂಸಿಬಿ (ಆ ಲೈನಿನ ಕರೆಂಟ್ ಪೂರ್ತಿ ಕಡಿಯೋ ಸ್ವಿಚ್) ಕೆಳಗಿಳಿಸಿ, ಬರೀ ಗೀಸರ್ ಸ್ವಿಚ್ ಆಫ್ ಸಾಲದು. ಒಳಗಿನ ನೀರು ತಣ್ಣಗಾಗಲಿ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ. ಎಲ್ಲ ಆದ ಮೇಲೆ ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವುದು ನಿಂತು ನೀರು ಸಲೀಸಾಗಿ ಬರೋವರೆಗೂ ಕರೆಂಟ್ ಕೊಡಬೇಡಿ. ಖಾಲಿ ಟ್ಯಾಂಕ್‌ಗೆ ಹಾಕಿದರೆ ಹೊಸ ಕಾಯಿಲ್ ಅಲ್ಲೇ ಢಮಾರ್.

ವಿಜಯನಗರ ಮೊದಲ ಮಹಡಿ:
ಆಯ್ತು! ವಾಲ್ವ್ ಈಚೆ ತಂದು ಪೈಪ್ ಬದಲಾಯಿಸಿದರು. ಅತ್ತೆ ಸ್ನಾನ ಮುಗಿಸಿದ ಮೇಲೂ ನೀರು ಬಿಸಿ ಇತ್ತು, ಮಗನದ್ದೂ ಆಯಿತು. ತುಂಬಾ ಥ್ಯಾಂಕ್ಸ್. ಇನ್ನೊಂದು ವಿಷಯ. ಕಾಯಿಲ್ ಬಿಚ್ಚಿದಾಗ ಒಳಗಿಂದ ಬೋಗುಣಿ ತುಂಬಾ ಬಿಳಿ ಚಕ್ಕೆ ಬಂತು, ಮೊಟ್ಟೆ ಸಿಪ್ಪೆ ಥರ. ಅದಕ್ಕೆ ಏನಾದರೂ ಮಾಡಬೇಕಾ?

ಕರೆಂಟ್ ಕೆಲಸ:
ಅದು ಬೋರ್ ನೀರಿನ ಸುಣ್ಣ. ಕಾಯಿಲ್ ಮೇಲೆ ಕೂತರೆ ಬಿಸಿ ನೀರಿಗೆ ಇಳಿಯಲ್ಲ, ಕಾಯಿಲ್ ಒಳಗೊಳಗೇ ಬೆಂದು ಹೋಗುತ್ತೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ. ಆಗಲೇ ಒಳಗಿನ ಮೆಗ್ನೀಷಿಯಂ ಕಡ್ಡಿಯನ್ನೂ ನೋಡಿಸಿ, ಟ್ಯಾಂಕಿನ ಬದಲು ತಾನು ಕರಗಲಿ ಅಂತಲೇ ಅದನ್ನ ಹಾಕಿರೋದು. ಸಣಕಲಾಗಿದ್ದರೆ ಹೊಸದು ಹಾಕಿಸಿ. ಥರ್ಮೋಸ್ಟಾಟ್ ಕಮ್ಮಿ ಇಟ್ಟರೆ ಸುಣ್ಣ ಕಟ್ಟೋದೂ ಕಮ್ಮಿ, ಆದರೆ 60ಕ್ಕಿಂತ ತೀರಾ ಕೆಳಗೆ ಬೇಡ, ನಿಂತ ಬೆಚ್ಚಗಿನ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ.

ಮೈಸೂರು ತಾರಸಿ:
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಮ್ಮದು ಸೋಲಾರ್. ಬೆಳಿಗ್ಗೆ ಒಬ್ಬರ ಸ್ನಾನಕ್ಕೇ ಬಿಸಿನೀರು ಮುಗಿಯುತ್ತೆ. ಇದೂ ಪೈಪಿನದೇ ಇರಬಹುದಾ?

ಪೈಪ್ ಲೈನ್:
ಇರಬಹುದು, ಆದರೆ ಮೊದಲು ಬಿಸಿಲಿದ್ದ ದಿನ ಸಂಜೆ 5ಕ್ಕೆ ನಲ್ಲಿ ಬಿಟ್ಟು ನೋಡಿ. ಆಗಲೂ ಬಿಸಿ ಕಮ್ಮಿ ಅಂದರೆ ಗಾಜಿನ ಮೇಲಿನ ಧೂಳು, ಟ್ಯೂಬಲ್ಲಿ ಕಟ್ಟಿದ ಸುಣ್ಣ, ಇಲ್ಲ ಗಾಳಿ ಸಿಕ್ಕಿಕೊಂಡಿರೋದು. ಸಂಜೆ ಕುದಿಯೋ ಹಾಗಿದ್ದು ಬೆಳಿಗ್ಗೆ ಇಲ್ಲ ಅಂದರೆ ರಾತ್ರಿ ಎಲ್ಲೋ ಸೋರುತ್ತಿದೆ, ಅಥವಾ ಮೇಲೆ ಹೇಳಿದ ಮಿಕ್ಸರ್ ಕಾಟ. ಇನ್ನು ಮುಕ್ಕಾಲು ಇಂಚಿನ ಪೈಪಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತೆ, ತಾರಸಿಯಿಂದ ಬಚ್ಚಲಿಗೆ 20 ಮೀಟರ್ ಇದ್ದರೆ ಮೊದಲ 5 ಲೀಟರ್ ತಣ್ಣಗೇ ಬರೋದು, ಅದು ಸಮಸ್ಯೆ ಅಲ್ಲ. ಸಂಜೆ ನೋಡಿ ಬರೆಯಿರಿ, ಟ್ಯಾಂಕ್ ಎಷ್ಟು ಲೀಟರ್, ಮನೆಯಲ್ಲಿ ಎಷ್ಟು ಜನ ಅಂತಾನೂ ಹೇಳಿ.