ಐದನೇ ಕ್ಲಾಸಿಗೆ ವರ್ಷಪೂರ್ತಿ ಬರವಣಿಗೆ: ಹೇಗೆ ಹಂಚಲಿ?

ಪ್ರಶ್ನೆ: ಜೂನ್‌ನಿಂದ ನನಗೆ ಐದನೇ ಕ್ಲಾಸ್ ಕನ್ನಡ. ಪ್ರಬಂಧ ಅಂದರೆ ಸಾಕು, ಮಕ್ಕಳು ಗೈಡ್‌ನಲ್ಲಿರುವ ‘ಹಸು ಸಾಕುಪ್ರಾಣಿ’ ಒಪ್ಪಿಸುತ್ತಾರೆ. ಪತ್ರ, ಕಥೆ, ವರದಿ: ಯಾವುದು ಮೊದಲು?

ಉತ್ತರ: ಮೇಡಂ, ಜೂನ್, ಜುಲೈ ಬರೀ ಐದು ಸಾಲು. ನಿನ್ನೆ ಸಂಜೆ ಮನೆಯಲ್ಲಿ ಏನಾಯ್ತು, ಅಷ್ಟೇ. ಒತ್ತಕ್ಷರ ತಪ್ಪಿದರೂ ಕೆಂಪು ಪೆನ್ನು ಮುಟ್ಟಬೇಡಿ. ನಾನು ಬರೆದವರ ಕೈಲೇ ಜೋರಾಗಿ ಓದಿಸುತ್ತೇನೆ. ವಾಕ್ಯ ಎಲ್ಲಿ ನಿಲ್ಲಬೇಕು ಅಂತ ಅವರಿಗೇ ಕೇಳಿಸುತ್ತದೆ. ಆಗಸ್ಟ್ 15 ಆದ ಮೇಲೆ ವರದಿ, ದಸರಾ ರಜೆ ಮುಗಿದ ಮೇಲೆ ಕಥೆ. ರಜಾ ಅರ್ಜಿ ಮಾತ್ರ ಸುಮ್ನೆ ಬರೆಸಬೇಡಿ, ನಿಜವಾಗಿ ರಜೆ ಬೇಕಾದವರು ಬರೆಯಲಿ!

ಇನ್ನೊಬ್ಬರು: ಕಥೆಯನ್ನು ಫೆಬ್ರವರಿವರೆಗೆ ಎಳೆಯಬೇಡಿ, ಆಗ ಪರೀಕ್ಷೆಯ ಗಲಾಟೆಯೇ ಜಾಸ್ತಿ ಅಲ್ವಾ? ಕಥೆ ತಿದ್ದಿ ಬರೆಸುವುದನ್ನು ಡಿಸೆಂಬರ್‌ಗೇ ಮುಗಿಸಿ.

ಕೇಳಿದವರು: ಸರಿ ಸರ್. ಒತ್ತಕ್ಷರ ಯಾವಾಗ ತಿದ್ದಲಿ?

ಉತ್ತರ: ಆಗಸ್ಟ್‌ನಿಂದ, ವಾರಕ್ಕೊಂದೇ ಒತ್ತು.