ಹಳೇ ವ್ಯಾನಿನ ತಳ ತೊಳೆದು ತುಕ್ಕು ತಡೆಯುವುದು ಹೇಗೆ? ಮಾಡಿ ನೋಡಿದವರು ಹೇಳಿ

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಈಚೆಗೆ ಒಂದು ಸೆಕೆಂಡ್ ಹ್ಯಾಂಡ್ ವ್ಯಾನ್ ತೆಗೆದುಕೊಂಡೆ. ಇಂಜಿನ್ ಚೆನ್ನಾಗಿದೆ, ಮೇಲಿನ ಬಣ್ಣವೂ ಪರವಾಗಿಲ್ಲ. ಕೆಳಗೆ ಮಲಗಿ ನೋಡಿದಾಗ ಮಾತ್ರ ಮನಸ್ಸು ಕೆಟ್ಟಿತು. ಗಟ್ಟಿಯಾದ ಮಣ್ಣು, ಗ್ರೀಸು, ಅಲ್ಲಲ್ಲಿ ತುಕ್ಕು. ಹಿಂದಿನವರು ಹೊಡೆಸಿದ ಕಪ್ಪು ಕೋಟಿಂಗ್ ಕೆಲವು ಕಡೆ ಚಕ್ಕೆ ಏಳುತ್ತಿದೆ. ನಾನೇ ತೊಳೆದು, ತುಕ್ಕು ತೆಗೆದು, ಏನಾದರೂ ಬಳಿಯಬೇಕು ಅಂತ ಇದ್ದೇನೆ. ಲಿಫ್ಟ್ ಇಲ್ಲ. ಜ್ಯಾಕ್, ಸ್ಟ್ಯಾಂಡ್, ಪ್ರೆಷರ್ ವಾಷರ್ ಇವೆ. ಎಲ್ಲಿಂದ ಶುರು ಮಾಡಲಿ? ಯಾವ ಕೋಟಿಂಗ್ ಒಳ್ಳೆಯದು?

ಹಳೇ ವ್ಯಾನ್ ಇಟ್ಟುಕೊಂಡಿರುವವರು:
ಕೋಟಿಂಗ್ ಯಾವುದು ಅನ್ನುವುದು ಕೊನೆಯ ಪ್ರಶ್ನೆ ಸರ್. ಡಬ್ಬ ಕೊಳ್ಳುವ ಮೊದಲು ಒಂದು ಟಾರ್ಚು, ಒಂದು ಹಳೇ ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಹೋಗಿ.

ತುಕ್ಕು ಕಂಡ ಕಡೆಯೆಲ್ಲ ಗಾಬರಿ ಬೇಡ. ಉಜ್ಜಿದರೆ ಪುಡಿ ಉದುರಿ ಕೆಳಗೆ ಗಟ್ಟಿ ಲೋಹ ಸಿಗುತ್ತದೆ ಅಂದರೆ ಅದು ಬರೀ ಮೇಲಿನ ತುಕ್ಕು, ಸುಲಭವಾಗಿ ಹೋಗುತ್ತದೆ. ಪದರ ಪದರವಾಗಿ ಎದ್ದಿದ್ದರೆ ಅದನ್ನು ಕೆರೆದು ಕೆಳಗೆ ಎಷ್ಟು ಉಳಿದಿದೆ ನೋಡಬೇಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಸ್ತಿ ಜಾಗ ಹಿಡಿಯುತ್ತದೆ. ಹಾಗಾಗಿ ದಪ್ಪ ಚಕ್ಕೆ ಬಂತು ಅಂದಕೂಡಲೇ ಅಷ್ಟೂ ಲೋಹ ಹೋಯಿತು ಅಂತ ಅಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ. ಸದ್ದು ಸತ್ತಂತೆ ಬಂದರೆ, ತುದಿ ಒತ್ತಿದಾಗ ಒಳಗೆ ಇಳಿದರೆ, ಅಲ್ಲಿ ಯಾವ ಕೋಟಿಂಗೂ ಕೆಲಸಕ್ಕೆ ಬರುವುದಿಲ್ಲ. ಕೊಳೆತದ್ದನ್ನು ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಿಸಬೇಕು. ಅದನ್ನು ಮೊದಲೇ ಮುಗಿಸಿಕೊಳ್ಳಿ. ತುಕ್ಕು ತಡೆಯುವ ವ್ಯಾಕ್ಸ್ (ಮೇಣದ ಕೋಟಿಂಗ್) ಹೊಡೆದ ಮೇಲೆ ವೆಲ್ಡಿಂಗಿಗೆ ಹೋದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯ ಇದೆ.

ನೋಡಲೇಬೇಕಾದ ಜಾಗಗಳು: ಬಾಗಿಲ ಕೆಳಗಿನ ಸಿಲ್, ಜ್ಯಾಕ್ ಕೊಡುವ ಜಾಗ, ಚಕ್ರದ ಮೇಲಿನ ಕಮಾನಿನ ಒಳಅಂಚು, ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್, ಸೀಟ್ ಬೆಲ್ಟಿನ ಬೋಲ್ಟ್ ಕೆಳಗೆ ಬರುವ ಕಡೆ, ಜಾರುವ ಬಾಗಿಲಿನ ಕೆಳಗಿನ ರೈಲ್. ಚಕ್ರದ ಕಮಾನಿನ ಅಂಚಿನಲ್ಲಿ ಮಣ್ಣು ಕೂತು ವರ್ಷಗಟ್ಟಲೆ ತೇವ ಹಿಡಿದಿಡುತ್ತದೆ. ಒಳಗೆ ಕೈ ಹಾಕಿ ಬೆರಳಲ್ಲಿ ತಡವಿದರೇ ಗೊತ್ತಾಗುವುದು.

ಇನ್ನು ಆ ಕಪ್ಪು ಕೋಟಿಂಗ್. ಡಾಂಬರಿನ ಜಾತಿಯ ಕೋಟಿಂಗ್ ಹಳತಾದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಇಳಿದು ಹಿಂದೆ ಕೂರುತ್ತದೆ, ಒಣಗುವುದೇ ಇಲ್ಲ. ಹೊರಗಿನಿಂದ ನೋಡಿದರೆ ನುಣ್ಣಗೆ, ಹಿಂದೆ ಲೋಹ ಕರಗುತ್ತಿರುತ್ತದೆ. ಸ್ಕ್ರೇಪರ್ ಹಾಕಿ ನೋಡಿ. ಸುಲಭವಾಗಿ ಏಳುವಷ್ಟನ್ನೂ ತೆಗೆಯಿರಿ. ಗಟ್ಟಿಯಾಗಿ ಅಂಟಿಕೊಂಡಿರುವುದನ್ನು ಸುಮ್ನೆ ಬಿಡಿ, ಅದು ತನ್ನ ಕೆಲಸ ಮಾಡುತ್ತಿದೆ. (ಮಾರುವುದಕ್ಕೆ ಮುಂಚೆ ಹೊಸದಾಗಿ ಕಪ್ಪು ಹೊಡೆಸಿದ ವ್ಯಾನ್ ಕಂಡರೆ ನನಗೆ ಮೊದಲು ಬರುವುದು ಅನುಮಾನ. ಏನನ್ನು ಮುಚ್ಚಿದ್ದಾರೆ ಅಂತ.)

ತೊಳೆಯುವಾಗ ಒಣ ಮಣ್ಣನ್ನು ಮೊದಲು ಕೆರೆದು ಬೀಳಿಸಿ. ಆಮೇಲೆ ನೀರು ಹೊಡೆದು ನೆನೆಯಲು ಬಿಡಿ. ಗ್ರೀಸ್ ಇರುವ ಕಡೆ ಡಿಗ್ರೀಸರ್ ಹಾಕಿ, ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ತೊಳೆದು ತೆಗೆಯಿರಿ. ಅದರ ಜಿಡ್ಡು ಉಳಿದರೆ ಮುಂದೆ ಏನು ಬಳಿದರೂ ಹಿಡಿಯುವುದಿಲ್ಲ. ಸಿಲ್ ಮತ್ತು ಬಾಗಿಲುಗಳ ತಳದಲ್ಲಿ ನೀರು ಹೋಗುವ ತೂತುಗಳಿರುತ್ತವೆ. ತಂತಿ ಹಾಕಿ ಬಿಡಿಸಿ. ಅಲ್ಲಿಂದ ಬರುವ ನೀರು ತಿಳಿಯಾಗುವವರೆಗೂ ಒಳಗೆ ನೀರು ಬಿಡಿ. ಪ್ರೆಷರ್ ವಾಷರ್ ನಳಿಕೆಯನ್ನು ಚಕ್ರದ ಬೇರಿಂಗ್ ಸೀಲ್, ಆಕ್ಸಲ್‌ನ ರಬ್ಬರ್ ಬೂಟ್, ವೈರಿನ ಕನೆಕ್ಟರ್, ಆಲ್ಟರ್ನೇಟರ್ ಹತ್ತಿರ ಒಯ್ಯಬೇಡಿ. ಒಳಗೆ ಹೋದ ನೀರು ಬೇಗ ಹೊರಗೆ ಬರುವುದಿಲ್ಲ.

ಈಗ ಒಣಗಿಸುವುದು. ಜಾಸ್ತಿ ಜನ ಸೋಲುವುದು ಇಲ್ಲೇ. ಬೆಳಿಗ್ಗೆ ತೊಳೆದು ಸಂಜೆ ಕೋಟಿಂಗ್ ಹೊಡೆದರೆ ಮೇಲ್ಮೈ ಒಣಗಿರುತ್ತದೆ, ಎರಡು ಶೀಟ್ ಸೇರುವ ಸಂದಿಯಲ್ಲಿ ನೀರು ಹಾಗೇ ಇರುತ್ತದೆ. ಅದನ್ನು ಒಳಗಿಟ್ಟು ಮುಚ್ಚುವುದಕ್ಕಿಂತ ಬಳಿಯದೇ ಇರುವುದೇ ವಾಸಿ. ಮಳೆ ಇಲ್ಲದ ದಿನಗಳನ್ನು ನೋಡಿಕೊಳ್ಳಿ. ತೊಳೆದ ಮೇಲೆ ವ್ಯಾನ್ ಒಂದಿಷ್ಟು ದೂರ ಓಡಿಸಿ, ಗಾಳಿ ಆಡುವ ಕಡೆ ನಿಲ್ಲಿಸಿ, ಫ್ಯಾನ್ ಇದ್ದರೆ ಹಾಕಿ, ಕೆಲವು ದಿನ ಬಿಡಿ. ಗಾಳಿಯ ತೇವಾಂಶ ಸುಮಾರು 60 ಶೇಕಡಾ ದಾಟಿದರೆ ಬರಿಗಬ್ಬಿಣ ನೀರು ತಾಗದಿದ್ದರೂ ತುಕ್ಕು ಹಿಡಿಯುತ್ತದೆ. ಉಪ್ಪು ಸೇರಿದ್ದರೆ ಇನ್ನೂ ಬೇಗ. ಒಣಗಿದೆಯೋ ಇಲ್ಲವೋ ನೋಡಲು ನಾನು ಮಾಡುವುದು ಇಷ್ಟು: ಟಿಶ್ಯೂ ಪೇಪರನ್ನು ತಂತಿಗೆ ಸುತ್ತಿ ಸಿಲ್ಲಿನ ನೀರು ಹೋಗುವ ತೂತಿನೊಳಗೆ ತಳ್ಳಿ, ಸ್ವಲ್ಪ ಹೊತ್ತು ಬಿಟ್ಟು ಎಳೆಯುತ್ತೇನೆ. ತೇವ ಬಂದರೆ ಅವತ್ತು ಡಬ್ಬ ತೆರೆಯುವುದಿಲ್ಲ.

ಗ್ಯಾರೇಜ್ ಕೆಲಸದವರು:
ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಜೀವಕ್ಕೆ ಸಂಬಂಧಿಸಿದ್ದು ಮಾತ್ರ ಹೇಳುತ್ತೇನೆ.

ಬರೀ ಜ್ಯಾಕ್ ಮೇಲೆ ನಿಂತ ವ್ಯಾನಿನ ಕೆಳಗೆ ಯಾವತ್ತೂ ಹೋಗಬೇಡಿ. ಸಮತಟ್ಟಾದ ಗಟ್ಟಿ ನೆಲ ಇರಬೇಕು, ಮಣ್ಣಿನ ನೆಲ ಬೇಡ. ಚಕ್ರಕ್ಕೆ ಅಡೆ ಕೊಟ್ಟು, ಸ್ಟ್ಯಾಂಡಿನ ಮೇಲೆ ಇಳಿಸಿ, ಚೆನ್ನಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಮಲಗಿ. ಸ್ಟ್ಯಾಂಡ್ ಇಡುವ ಜಾಗ ಗಟ್ಟಿ ಇದೆಯೋ ಅಂತ ಮೊದಲು ತಟ್ಟಿ ನೋಡಿ. ತುಕ್ಕು ತಿಂದ ಸಿಲ್ ಕೆಳಗೆ ಸ್ಟ್ಯಾಂಡ್ ಕೊಟ್ಟರೆ ಅದು ಮೇಲಕ್ಕೆ ತೂರಿಕೊಂಡು ಹೋಗುತ್ತದೆ.

ಕಣ್ಣಿಗೆ ಪೂರ್ತಿ ಮುಚ್ಚುವ ಗಾಗಲ್ಸ್ ಹಾಕಿ. ಅಂಗಾತ ಮಲಗಿ ಕೆರೆದರೆ ಎಲ್ಲವೂ ಮುಖದ ಮೇಲೇ ಬೀಳುವುದು. ಗ್ರೈಂಡರಿಗೆ ಹಾಕುವ ವೈರ್ ಕಪ್‌ನಿಂದ ತಂತಿಗಳು ಕಿತ್ತು ಸೂಜಿಯಂತೆ ಹಾರಿ ಬರುತ್ತವೆ. ಧೂಳಿಗೆ ಒಳ್ಳೆ ಮಾಸ್ಕ್ ಬೇಕು.

ಬ್ರೇಕ್ ಪೈಪಿನ ಮೇಲೆ ವೈರ್ ಕಪ್ ಇಡಲೇಬೇಡಿ. ಪೈಪ್ ಗುಳಿಬಿದ್ದು ಚಕ್ಕೆ ಏಳುತ್ತಿದ್ದರೆ ಅದನ್ನು ಬದಲಿಸಿ, ಮೇಲೆ ಬಣ್ಣ ಬಳಿದು ಮುಚ್ಚಬೇಡಿ. ಡೀಸೆಲ್ ಪೈಪಿಗೂ ಇದೇ ಮಾತು.

ಯಾವುದಕ್ಕೆ ಕೋಟಿಂಗ್ ತಾಗಬಾರದು? ಬ್ರೇಕ್ ಡಿಸ್ಕ್, ಡ್ರಮ್, ಕ್ಯಾಲಿಪರ್, ಹ್ಯಾಂಡ್ ಬ್ರೇಕ್ ಕೇಬಲ್ ಚಲಿಸುವ ಭಾಗ, ಸೈಲೆನ್ಸರ್ ಮತ್ತು ಅದರ ಇಡೀ ಪೈಪು, ಪ್ರೊಪೆಲ್ಲರ್ ಶಾಫ್ಟ್, ಸೆನ್ಸರ್‌ಗಳು, ರಬ್ಬರ್ ಬುಷ್‌ಗಳು. ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಮೇಲೆ ಪುಟ್ಟ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಗೆ ಹೋಗುವ ದಾರಿ, ಇರುತ್ತದೆ. ಇದನ್ನು ತುಂಬಾ ಜನ ಮರೆಯುತ್ತಾರೆ. ಅದು ಮುಚ್ಚಿದರೆ ಬಿಸಿಯಾದಾಗ ಒಳಗೆ ಒತ್ತಡ ಏರಿ ಆಯಿಲ್ ಸೀಲ್‌ನಿಂದ ಆಯಿಲ್ ಸೋರುತ್ತದೆ. ಆಮೇಲೆ ಸೀಲ್ ಹೋಗಿದೆ ಅಂತ ಸೀಲ್ ಬದಲಿಸುತ್ತಾ ಕೂರುತ್ತಾರೆ! ಇವಕ್ಕೆಲ್ಲ ಪ್ಲಾಸ್ಟಿಕ್ ಕವರ್ ಸುತ್ತಿ ಟೇಪ್ ಹಚ್ಚಿ. ಕೆಲಸ ಮುಗಿದ ಮೇಲೆ ಎಲ್ಲ ಬಿಚ್ಚಿದಿರಾ ಅಂತ ಇನ್ನೊಂದು ಸಲ ನೋಡಿ.

ಡ್ರೈವರ್ ಒಬ್ಬರು:
ಇಷ್ಟೆಲ್ಲಾ ತಲೆನೋವು ಯಾಕೆ? ಹಳೇ ಇಂಜಿನ್ ಆಯಿಲಿಗೆ ಸ್ವಲ್ಪ ಡೀಸೆಲ್ ಬೆರೆಸಿ ಕೆಳಗೆಲ್ಲ ಸ್ಪ್ರೇ ಮಾಡಿ. ನಮ್ಮ ಹಿರಿಯರು ಲಾರಿಗೆ ಇದನ್ನೇ ಮಾಡುತ್ತಿದ್ದರು. ಚಾಸಿ ಹಾಗೇ ಇತ್ತು.

ಗ್ಯಾರೇಜ್ ಕೆಲಸದವರು:
ಇತ್ತು, ನಿಜ ಅಣ್ಣ. ಎಣ್ಣೆ ಇದ್ದ ಕಡೆ ನೀರು ನಿಲ್ಲುವುದಿಲ್ಲ, ಅಷ್ಟು ಕೆಲಸ ಮಾಡುತ್ತದೆ. ಆದರೆ ಲಾರಿ ಚಾಸಿಯ ಲೋಹದ ದಪ್ಪ ಎಲ್ಲಿ, ವ್ಯಾನ್ ಬಾಡಿಯ ತೆಳು ಶೀಟ್ ಎಲ್ಲಿ! ಇಂಜಿನ್ನಿನಲ್ಲಿ ಓಡಿದ ಆಯಿಲಿನಲ್ಲಿ ಆಮ್ಲ, ಲೋಹದ ಪುಡಿ, ಮಸಿ ಎಲ್ಲ ಸೇರಿರುತ್ತದೆ. ರಬ್ಬರ್ ಬುಷ್ ಊದಿ ಮೆತ್ತಗಾಗುತ್ತವೆ, ಧೂಳು ಅಂಟುತ್ತದೆ, ಮಳೆ ಬಂದಾಗ ತೊಟ್ಟಿಕ್ಕಿ ನೆಲಕ್ಕೆ, ಚರಂಡಿಗೆ ಸೇರುತ್ತದೆ. ಮೈಮೇಲೆ ಬೀಳುವುದೂ ಒಳ್ಳೆಯದಲ್ಲ. ಬಳಸಿದ ಆಯಿಲನ್ನು ತೆಗೆದುಕೊಳ್ಳುವವರಿಗೇ ಕೊಟ್ಟುಬಿಡಿ.

ಕೇಳಿದವರು:
ತುಂಬಾ ಥ್ಯಾಂಕ್ಸ್. ತಟ್ಟಿ ನೋಡಿದೆ. ಒಂದು ಕಡೆ ಮಾತ್ರ ಸ್ಕ್ರೂಡ್ರೈವರ್ ಇಳಿಯಿತು, ಹಿಂದಿನ ಚಕ್ರದ ಕಮಾನಿನ ಹತ್ತಿರ. ಅದನ್ನು ವೆಲ್ಡಿಂಗಿಗೆ ಕೊಡುತ್ತೇನೆ. ಮಿಕ್ಕ ಕಡೆ ರಸ್ಟ್ ಕನ್ವರ್ಟರ್ ಹಚ್ಚಿದರೆ ಸಾಕಾ, ಪ್ರೈಮರ್ ಬೇಕಾ? ಆಮೇಲೆ ವ್ಯಾಕ್ಸೋ, ಲ್ಯಾನೊಲಿನ್ನೋ, ರಬ್ಬರ್ ಕೋಟಿಂಗೋ?

ಹಳೇ ವ್ಯಾನ್ ಇಟ್ಟುಕೊಂಡಿರುವವರು:
ಕನ್ವರ್ಟರಿನಲ್ಲಿ ಸಾಮಾನ್ಯವಾಗಿ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ ಇರುತ್ತದೆ. ಅದು ತುಕ್ಕಿನ ಜೊತೆ ಸೇರಿ ಗಟ್ಟಿಯಾದ ಇನ್ನೊಂದು ಪದರ ಆಗುತ್ತದೆ. ಟ್ಯಾನಿಕ್ ಆಮ್ಲದ್ದಾದರೆ ಕಪ್ಪಗೆ ತಿರುಗುವುದು ಕಾಣುತ್ತದೆ. ಉದುರುವ ತುಕ್ಕನ್ನೆಲ್ಲ ತೆಗೆದು, ಲೋಹದ ಗುಳಿಗಳಲ್ಲಿ ಉಳಿದ ತೆಳು ತುಕ್ಕಿನ ಮೇಲೆ ಹಚ್ಚಬೇಕು. ದಪ್ಪ ಚಕ್ಕೆಯ ಮೇಲೆ ಹಚ್ಚಿದರೆ ಮೇಲಿನದಷ್ಟೇ ಬದಲಾಗುತ್ತದೆ, ಕೆಳಗಿನದು ಹಾಗೇ ಮುಂದುವರಿಯುತ್ತದೆ. ಹೊಳೆಯುವ ಲೋಹದ ಮೇಲೆ ಅದಕ್ಕೆ ಕೆಲಸವೇ ಇಲ್ಲ. ಕನ್ವರ್ಟರ್ ಒಂದೇ ನೀರು ತಡೆಯುವುದಿಲ್ಲ, ಮೇಲೆ ಇನ್ನೊಂದು ಕೋಟ್ ಬೇಕೇ ಬೇಕು. ಸ್ಪ್ರಿಂಗ್, ಸಸ್ಪೆನ್ಷನ್ ಬೋಲ್ಟ್‌ಗಳಿಗೆ ಆಮ್ಲದ ಕನ್ವರ್ಟರ್ ಬೇಡ. ಗಡಸು ಉಕ್ಕು ಆಮ್ಲದಿಂದ ಪೆಡಸಾಗಿ ಮುರಿಯಬಹುದು.

ಗ್ರೈಂಡರ್ ಹಿಡಿದು ಹೊಳೆಯುವವರೆಗೆ ಉಜ್ಜಿದ ಕಡೆ ಜಿಂಕ್ ಪ್ರೈಮರ್ ಹಾಕಿ. ಅಲ್ಲಿ ಕಬ್ಬಿಣದ ಬದಲು ಜಿಂಕ್ ತಾನು ಸವೆಯುತ್ತದೆ. ಅದಕ್ಕೆ ಎರಡೂ ಒಂದಕ್ಕೊಂದು ತಾಗಬೇಕು. ತುಕ್ಕಿನ ಮೇಲೆ ಹಚ್ಚಿದರೆ ಅದು ಬರೀ ಬೂದು ಬಣ್ಣ ಅಷ್ಟೇ. ಎಪಾಕ್ಸಿ ಪ್ರೈಮರ್ ಕೂಡ ಚೆನ್ನಾಗಿ ಹಿಡಿಯುತ್ತದೆ. ಬರಿ ಪ್ರೈಮರ್ ಹಾಕಿ ಬಿಡಬೇಡಿ, ಮೇಲೆ ಪೇಂಟ್ ಹೊಡೆಯಿರಿ.

ಮೇಲಿನ ಕೋಟ್ ವಿಷಯದಲ್ಲಿ ನನ್ನದು ಸ್ಪಷ್ಟ ಅಭಿಪ್ರಾಯ: ಹಳೇ ಗಾಡಿಗೆ ರಬ್ಬರ್ ಕೋಟಿಂಗ್ ಬೇಡ. ಹೊಸ, ಶುದ್ಧ ಲೋಹದ ಮೇಲೆ ಕಲ್ಲು ಸಿಡಿತ ತಡೆಯಲು ಅದು ಒಳ್ಳೆಯದು. ನಿಮ್ಮದರಲ್ಲಿ ಎಲ್ಲೋ ಒಂದು ಕಡೆ ತುಕ್ಕು ಉಳಿದೇ ಇರುತ್ತದೆ, ರಬ್ಬರ್ ಅದನ್ನು ಮುಚ್ಚಿಟ್ಟುಕೊಂಡು ಕೂರುತ್ತದೆ. ವ್ಯಾಕ್ಸ್ ತೆಗೆದುಕೊಳ್ಳಿ, ಅದರಲ್ಲೂ ಪಾರದರ್ಶಕವಾಗಿರುವುದು. ಕೆಳಗೆ ಮತ್ತೆ ತುಕ್ಕು ಎದ್ದರೆ ಕಣ್ಣಿಗೆ ಬೀಳುತ್ತದೆ. ಒಂದೇ ಸಲ ದಪ್ಪಗೆ ಹೊಡೆಯದೆ ಎರಡು ತೆಳು ಕೋಟ್ ಕೊಡಿ. ದಪ್ಪಗಿದ್ದರೆ ಒಳಗಿನ ಥಿನ್ನರ್ ಹೊರಗೆ ಹೋಗದೆ ಅಂಟಂಟಾಗಿಯೇ ಉಳಿಯುತ್ತದೆ.

ಲ್ಯಾನೊಲಿನ್ ಅಂದರೆ ಕುರಿಯ ಉಣ್ಣೆಯಲ್ಲಿರುವ ಜಿಡ್ಡು. ಗಟ್ಟಿಯಾಗುವುದಿಲ್ಲ, ಸಂದಿಗಳಿಗೆ ತಾನೇ ಹರಿದು ಹೋಗುತ್ತದೆ, ಬಳಿಯುವುದು ಸುಲಭ. ಆದರೆ ಚಕ್ರದಿಂದ ನೀರು ಹಾರುವ ಕಡೆ ಬೇಗ ತೊಳೆದು ಹೋಗುತ್ತದೆ. ಪ್ರತಿ ವರ್ಷ ಹಚ್ಚುವ ತಾಳ್ಮೆ ಇದ್ದರೆ ಧಾರಾಳವಾಗಿ ಹಾಕಿ. ಕೆಲವು ದಿನ ಗಾಡಿ ಹತ್ತಿರ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ, ಅದಕ್ಕೆ ಸಿದ್ಧರಾಗಿರಿ.

ವ್ಯಾನನ್ನು ಕ್ಯಾಂಪರ್ ಮಾಡಿಕೊಂಡವರು:
ಎಲ್ಲರೂ ಕಾಣುವ ಜಾಗದ ಬಗ್ಗೆಯೇ ಹೇಳುತ್ತಿದ್ದೀರಿ. ವ್ಯಾನ್ ಕೊಳೆಯುವುದು ಒಳಗಿನಿಂದ. ಸಿಲ್, ಚಾಸಿಯ ಪೊಳ್ಳು ತೊಲೆಗಳು, ಬಾಗಿಲ ತಳ, ಅಡ್ಡ ಪಟ್ಟಿಗಳು, ಇವೆಲ್ಲ ಟೊಳ್ಳು. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಗೋಡೆ ತೆಳುವಾಗಿರುತ್ತದೆ.

ಇದಕ್ಕೆ ಕ್ಯಾವಿಟಿ ವ್ಯಾಕ್ಸ್ ಬೇರೆಯೇ ಬರುತ್ತದೆ, ತೆಳ್ಳಗೆ ಹರಿಯುವಂಥದ್ದು. ಉದ್ದದ ಬಳುಕುವ ಟ್ಯೂಬು, ತುದಿಯಲ್ಲಿ ಸುತ್ತಲೂ ಚಿಮ್ಮುವ ನಳಿಕೆ ಇರುವುದನ್ನು ತೆಗೆದುಕೊಳ್ಳಿ. ರಬ್ಬರ್ ಬಿರಡೆ ಹಾಕಿದ ತೂತುಗಳಿರುತ್ತವಲ್ಲ, ಬಿರಡೆ ತೆಗೆದು ಟ್ಯೂಬನ್ನು ಕೊನೆಯವರೆಗೆ ತಳ್ಳಿ, ಒತ್ತುತ್ತಾ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಕೆಳಗಿನ ತೂತುಗಳಿಂದ ವ್ಯಾಕ್ಸ್ ತೊಟ್ಟಿಕ್ಕಿದರೆ ಒಳಗೆಲ್ಲ ತಲುಪಿದೆ ಅಂತ ಲೆಕ್ಕ. ಗಟ್ಟಿಯಾಗುವ ಮೊದಲು ಆ ತೂತುಗಳನ್ನು ಮತ್ತೆ ತಂತಿಯಿಂದ ಬಿಡಿಸಿ. ಅವು ಮುಚ್ಚಿದರೆ ಸಿಲ್ ಒಳಗೆ ನೀರು ತುಂಬಿಕೊಳ್ಳುತ್ತದೆ. ಚಾಸಿ ತೊಲೆಗೆ ಹೊಸ ತೂತು ಕೊರೆಯಲು ಹೋಗಬೇಡಿ. ಸೀಟ್ ಬೆಲ್ಟ್ ರೀಲ್ ಇರುವ ಕಂಬದೊಳಗೆ, ಏರ್‌ಬ್ಯಾಗ್ ವೈರ್ ಹೋಗುವ ಕಡೆ ಸ್ಪ್ರೇ ಮಾಡಬೇಡಿ.

ಚಳಿಯಲ್ಲಿ ವ್ಯಾಕ್ಸ್ ಗಟ್ಟಿಯಾಗಿದ್ದರೆ ಡಬ್ಬವನ್ನು ಬೆಚ್ಚಗಿನ ನೀರಿನಲ್ಲಿ ಇಡಿ. ಬೆಂಕಿಯ ಹತ್ತಿರ ಬೇಡವೇ ಬೇಡ. ಕೆಲಸ ಮಾಡುವಾಗ ಗಾಳಿ ಆಡಲಿ, ಸಿಗರೇಟು ದೂರ ಇರಲಿ.

ಇನ್ನೊಂದು. ಹಿಂದಿನ ಸಾಮಾನಿನ ಜಾಗದಲ್ಲಿ ಪ್ಲೈವುಡ್ ಹಾಸಿದ್ದರೆ ಅದನ್ನು ಎತ್ತಿ ನೋಡಿ. ಕೆಳಗಿನಿಂದ ಎಷ್ಟೇ ಬಳಿದರೂ ಪ್ಲೈವುಡ್ ಅಡಿಯಲ್ಲಿ ನೀರು ನಿಂತರೆ ಮೇಲಿನಿಂದ ತಿನ್ನುತ್ತದೆ. ಛಾವಣಿಯ ಬೋಲ್ಟ್, ಹಿಂದಿನ ಬಾಗಿಲ ರಬ್ಬರ್ ಬೀಡಿಂಗ್, ನೀರು ಬರುವುದು ಹೆಚ್ಚಾಗಿ ಈ ಎರಡು ಕಡೆಯಿಂದ.

ಕೇಳಿದವರು:
ಪ್ಲೈವುಡ್ ಎತ್ತಿದೆ. ಒಂದು ಮೂಲೆ ಒದ್ದೆ ಇತ್ತು! ಬೀಡಿಂಗ್ ಹರಿದಿದೆ, ಅದನ್ನು ಬದಲಿಸಿಯೇ ಮುಂದಿನ ಕೆಲಸ. ಇನ್ನೊಂದು ತೊಂದರೆ. ಸ್ಟೆಪ್ನಿ ಕೆಳಗೆ ಇಳಿಯುತ್ತಿಲ್ಲ. ಅದನ್ನು ತೂಗುಹಾಕುವ ಚೈನ್ ಸಿಕ್ಕಿಕೊಂಡಿದೆ. ಅದರ ಹಿಂದೆಯೂ ತೊಳೆಯಬೇಕಲ್ಲ?

ಗ್ಯಾರೇಜ್ ಕೆಲಸದವರು:
ತೊಳೆಯಲೇಬೇಕು. ಅದರ ಮೇಲೆ ಮಣ್ಣಿನ ರಾಶಿಯೇ ಇರುತ್ತದೆ. ಜೋರು ಮಾಡಬೇಡಿ, ಚೈನ್ ತುಂಡಾದರೆ ಚಕ್ರ ಎದೆ ಮೇಲೆ ಬೀಳುತ್ತದೆ. ಮೊದಲು ಟೈರಿನ ಕೆಳಗೆ ಜ್ಯಾಕ್ ಕೊಟ್ಟು ಭಾರ ಹಿಡಿಯಿರಿ. ಜಂಗು ಬಿಡಿಸುವ ಆಯಿಲ್ ಹೊಡೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹ್ಯಾಂಡಲನ್ನು ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಆಡಿಸುತ್ತಾ ಬಿಡಿಸಿ. ಚೈನ್ ಸವೆದಿದ್ದರೆ ಬದಲಿಸಿ, ಇಲ್ಲದಿದ್ದರೆ ವೈರ್ ಬ್ರಷ್ ಹಾಕಿ ಗ್ರೀಸ್ ಹಚ್ಚಿ. ಸ್ಟೆಪ್ನಿಯ ರಿಮ್ಮನ್ನೂ ಒಮ್ಮೆ ನೋಡಿ. ಟೈರ್ ಕೂರುವ ಅಂಚಿನಲ್ಲಿ ತುಕ್ಕು ಎದ್ದಿದ್ದರೆ ಗಾಳಿ ನಿಲ್ಲುವುದಿಲ್ಲ.