ಸಹಾಯ ಬೇಕು: ಸಿಎಚ್‌ಒ ನರ್ಸ್‌ಗಳ ತರಬೇತಿಗೆ ನಮ್ಮ ಕಡೆಯ ಕೇಸ್‌ಗಳು

ತೀರ್ಥಹಳ್ಳಿ ಕಡೆಯ ಉಪಕೇಂದ್ರಗಳಿಗೆ ಹೊಸದಾಗಿ ಬಂದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ನರ್ಸ್‌ಗಳಿಗೆ ರೋಗ ಪತ್ತೆ ಬಗ್ಗೆ ತರಬೇತಿ ಕೊಡಬೇಕಿದೆ. ಸ್ಲೈಡ್ ಬೇಡ, ಬೇಕಾದಷ್ಟಿವೆ. ನೀವು ನೋಡಿದ ಕೇಸ್‌ಗಳನ್ನು ಹೇಳಿ. ಕಾಡಿಗೆ ಹೋಗಿ ದರಗು (ಒಣಗಿದ ಎಲೆ) ತಂದವರಿಗೆ ಜ್ವರ ಬಂದರೆ ಅದು ಮಂಗನ ಕಾಯಿಲೆಯೋ, ಇಲಿ ಜ್ವರವೋ, ಡೆಂಗಿಯೋ, ಸ್ಕ್ರಬ್ ಟೈಫಸ್ಸೋ (ಚಿಗ್ಗರ್ ಎಂಬ ಸಣ್ಣ ಹುಳು ಕಚ್ಚಿ ಬರುವ ಜ್ವರ) ಅಂತ ತಿಳಿಯಲು ಮೊದಲು ಏನು ಕೇಳುತ್ತೀರಿ, ಯಾವಾಗ ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸುತ್ತೀರಿ? ಸ್ಕ್ರಬ್ ಟೈಫಸ್‌ನಲ್ಲಿ ಹುಳು ಕಚ್ಚಿದ ಜಾಗದ ಕಪ್ಪು ಹಕ್ಕಳೆ ಎಷ್ಟೋ ಸಲ ಕಂಕುಳಲ್ಲೋ ತೊಡೆಸಂದಿಯಲ್ಲೋ ಇರುತ್ತದೆ. ಅಜ್ಜಿಯರು ಅಲ್ಲೆಲ್ಲ ನೋಡಲು ಬಿಡೋದೇ ಕಷ್ಟ ಅಲ್ವಾ!

30 ದಾಟಿದವರ ಬಿಪಿ, ಶುಗರ್ ತಪಾಸಣೆ ಹೇಗೋ ನಡೆಯುತ್ತದೆ. ಬಾಯಿ ಕ್ಯಾನ್ಸರ್ ಪತ್ತೆಗೆ ಕವಳ (ಎಲೆ-ಅಡಿಕೆ) ಹಾಕುವವರ ಬಾಯಿ ತೆರೆಸಿ ಟಾರ್ಚ್ ಹಿಡಿದು ನೋಡೋದೇ ಜಾಸ್ತಿ ತಪ್ಪಿಹೋಗುವುದು. ಬಾಯೊಳಗಿನ ಬಿಳಿ ಕಲೆಯ ಫೋಟೊ ಇದ್ದರೆ, ರೋಗಿಯ ಒಪ್ಪಿಗೆ ಪಡೆದು, ಮುಖ ಕಾಣದ ಹಾಗೆ ಕಳಿಸಿ.